ಸೂಳೆಕೆರೆಯೂ ವೃತ್ತಪತ್ರಿಕೆಗಳ ಅಳತೆಗೋಲೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ವಿಷಯವಾಗಿ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಓದುತ್ತ ಬಂದಿರುವ ನಮ್ಮ ವಾಚಕರಿಗೆ ಒಂದು ವಾಕ್ಯವು ಇಷ್ಟರಲ್ಲಿ ಕಂಠಪಾಠವಾಗಿರಬೇಕು. ಕೆರೆ ತುಂಬಿದರೂ ಆ ವಾಕ್ಯವೇ, ಬತ್ತಿದರೂ ಆ ವಾಕ್ಯವೇ. ಮಂತ್ರಿಗಳು ಬಂದು ಬಾಗಿನ ಬಿಟ್ಟ ದಿವಸವೂ ಅದೇ, ತೂಬು ಕೆಟ್ಟು ರೈತರು ಕೂಗಿಕೊಂಡ ದಿವಸವೂ ಅದೇ. ಏಷ್ಯಾ ಖಂಡದಲ್ಲಿಯೇ ಎರಡನೆಯ ಅತಿ ದೊಡ್ಡ ಕೆರೆ ಎಂಬುದೇ ಆ ವಾಕ್ಯ. ಈ ಪದವಿಯನ್ನು ಕೆರೆಗೆ ದಯಪಾಲಿಸಿದವರು ಯಾರು, ಯಾವ ವರ್ಷದಲ್ಲಿ, ಯಾವ ಸರಪಳಿಯನ್ನು ಹಿಡಿದು ಅಳೆದು, ಎಂಬ ಪ್ರಶ್ನೆಯನ್ನು ಬರೆದವರೂ ಕೇಳಿದಂತೆ ಕಾಣುವುದಿಲ್ಲ, ಓದಿದವರೂ ಕೇಳಿದಂತೆ ಕಾಣುವುದಿಲ್ಲ. ನಿರಪಾಯಕರವಾದ ಊರಭಿಮಾನದ ಮಾತು, ಇದರಿಂದ ಯಾರಿಗೇನು ನಷ್ಟ, ಎಂದು ಕೆಲವರು ಹೇಳಬಹುದು. ನಷ್ಟವಿದೆಯೆಂಬುದೇ ನಮ್ಮ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತಾರವಾಗಿ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಸೂಳೆಕೆರೆಯ ವಿಸ್ತೀರ್ಣವೆಂದು ಸಾಮಾನ್ಯವಾಗಿ ಅಚ್ಚಾಗುವ ಅಂಕಿ 6,550 ಎಕರೆ. ಇದು ಹತ್ತು ಚದರ ಮೈಲಿಗಿಂತ ತುಸು ಹೆಚ್ಚು, ಇಂದಿನ ಮಾನದಲ್ಲಿ ಸುಮಾರು 26.5 ಚದರ ಕಿಲೋಮೀಟರು. ಇದಕ್ಕಿಂತ ದೊಡ್ಡದು, ಅಂದರೆ ಮೊದಲನೆಯದು, ಆಂಧ್ರದ ಕಂಬಂ ಕೆರೆಯೆಂದು ಅದೇ ಬರಹಗಳು ಹೇಳುತ್ತವೆ. ಕಂಬಂ ಕೆರೆಗೆ ಸಾಮಾನ್ಯವಾಗಿ ಕೊಡುವ ಅಳತೆಯಾದರೋ 7 ಕಿಲೋಮೀಟರು ಉದ್ದ, 3.5 ಕಿಲೋಮೀಟರು ಅಗಲ. ಗುಣಿಸಿದರೆ 24.5 ಬರುತ್ತದೆ. ಹೀಗೆ ಪತ್ರಿಕೆಗಳು ಮುದ್ರಿಸುವ ಅಂಕಿಗಳ ಪ್ರಕಾರವೇ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿದೆ! ಪ್ರಾಥಮಿಕ ಶಾಲೆಯ ಹುಡುಗನು ಮಾಡಬಹುದಾದ ಈ ಗುಣಾಕಾರವನ್ನು ಇಷ್ಟು ಕಾಲ ಯಾವ ಸಂಪಾದಕರ ಮೇಜಿನ ಮೇಲೂ ಯಾರೂ ಮಾಡದೆ ಹೋದದ್ದು ಆಶ್ಚರ್ಯ. ಇನ್ನು ರಾಜಪುತಸ್ಥಾನದ ಕಡೆ ಹೋದರೆ, ಉದಯಪುರದ ಬಳಿ ಮಹಾರಾಣಾ ಜಯಸಿಂಹನು 17ನೆಯ ಶತಮಾನದಲ್ಲಿ ಕಟ್ಟಿಸಿದ ಜಯಸಮಂದವಿದೆ; ತುಂಬಿದಾಗ ಅದರ ಹರವು ಸುಮಾರು 87 ಚದರ ಕಿಲೋಮೀಟರು, ಎಂದರೆ ನಮ್ಮ ಕೆರೆಯ ಮೂರು ಪಾಲಿಗಿಂತ ಹೆಚ್ಚು. ಆ ಊರಿನ ಪ್ರವಾಸಿ ಪುಸ್ತಕಗಳನ್ನು ತೆರೆದು ನೋಡಿದರೆ ಅದಕ್ಕೂ ಏಷ್ಯಾದ ಎರಡನೆಯದೆಂಬ ಬಿರುದೇ ಕಾಣುತ್ತದೆ. ಭೋಜರಾಜನ ಹೆಸರಿನ ಭೋಪಾಲದ ದೊಡ್ಡ ಕೆರೆಯೂ ಮೂವತ್ತು ಚದರ ಕಿಲೋಮೀಟರನ್ನು ದಾಟುತ್ತದೆ. ಸಿಂಹಳದ ಮಿನ್ನೇರಿಯ, ಕಲಾವೆವ, ಪರಾಕ್ರಮ ಸಮುದ್ರಗಳು ನಮ್ಮ ಕೆರೆಯ ಸಮೀಪದ ಗಾತ್ರದವೇ. ಏಷ್ಯಾ ಖಂಡದಲ್ಲಿ ಎರಡನೆಯ ಸ್ಥಾನಗಳು ಹಲವು ಇರುವಂತೆಯೂ ಮೊದಲನೆಯ ಸ್ಥಾನಕ್ಕೆ ಮಾತ್ರ ಅಷ್ಟು ಉಮೇದುವಾರರಿಲ್ಲದಂತೆಯೂ ತೋರುತ್ತದೆ. ಎರಡನೆಯದೆಂದು ಹೇಳಿಕೊಳ್ಳುವುದರಲ್ಲಿ ವಿನಯವೂ ಇದೆ, ವಿಚಾರಣೆಯ ಭಯವೂ ಇಲ್ಲವಷ್ಟೆ.

ಕೆರೆಯೆಂದರೆ ಮಣ್ಣಿನ ಏರಿಯುಳ್ಳದ್ದು, ಕಲ್ಲಿನ ಕಟ್ಟೆಯುಳ್ಳದ್ದನ್ನು ಲೆಕ್ಕಕ್ಕೆ ಹಿಡಿಯಕೂಡದು, ಹಳೆಯ ಕಾಲದ್ದು ಮಾತ್ರ ಕೆರೆ, ಹೊಸದು ಜಲಾಶಯ, ಎಂದು ಯಾರಾದರೂ ವಾದಿಸಬಹುದು. ವಾದಿಸಲಿ, ಆದರೆ ಆ ಲಕ್ಷಣವನ್ನು ಮೊದಲು ಹೇಳಿ ಆಮೇಲೆ ಪದವಿಯನ್ನು ಕೊಡಬೇಕು. ಹಾಗೆ ಹೇಳದಿದ್ದರೆ ಹಿರಿಯೂರು ತಾಲ್ಲೂಕಿನಲ್ಲಿ 1898ರಿಂದ 1907ರ ವರೆಗೆ ಕಟ್ಟಿದ, 30 ಟಿ.ಎಂ.ಸಿ. ನೀರು ಹಿಡಿಯುವ ಮಾರಿಕಣಿವೆಯ ವಾಣಿವಿಲಾಸ ಸಾಗರವೇ ಎದ್ದು ನಿಂತು ಸಾಕ್ಷಿ ನುಡಿಯುತ್ತದೆ.

ಈ ವಾಕ್ಯದ ಹುಟ್ಟನ್ನು ಊಹಿಸುವುದು ಕಷ್ಟವಲ್ಲ. 19ನೆಯ ಶತಮಾನದಲ್ಲಿ ಬಿ. ಎಲ್. ರೈಸ್ ಸಾಹೇಬರೇ ಮೊದಲಾದವರು ಬರೆದ ಗ್ಯಾಸೆಟಿಯರುಗಳು ಸೂಳೆಕೆರೆಯನ್ನು ಕಂಬಂ ಕೆರೆಯ ಜೊತೆಯಲ್ಲಿಟ್ಟು ದಕ್ಷಿಣ ಹಿಂದೂಸ್ಥಾನದ ಮಹಾಕೆರೆಗಳಲ್ಲಿ ಒಂದೆಂದು ಹೊಗಳಿದ್ದವು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಒಬ್ಬರ ಬರಹವನ್ನು ನೋಡಿ ಇನ್ನೊಬ್ಬರು ಬರೆಯುತ್ತ ಹೋದಂತೆ ದಕ್ಷಿಣವು ದೇಶವಾಯಿತು, ದೇಶವು ಖಂಡವಾಯಿತು. ಅದೇ ಗ್ಯಾಸೆಟಿಯರುಗಳು ಕೆರೆಯ ಸುತ್ತಳತೆಯನ್ನು 40 ಮೈಲಿಯೆಂದಿವೆ. ಇಂದಿನ ಬರಹಗಳು 30 ಕಿಲೋಮೀಟರೆನ್ನುತ್ತವೆ, ಎಂದರೆ 19 ಮೈಲಿಗೂ ಕಡಿಮೆ. ಒಂದು ಶತಮಾನದಲ್ಲಿ ಕೆರೆಯು ಅರ್ಧಕ್ಕೆ ಇಳಿಯಿತೇ, ಅಥವಾ ಸುತ್ತಿದವರು ಬೇರೆ ಬೇರೆ ದಾರಿಯಲ್ಲಿ ಸುತ್ತಿದರೇ? ಮೂಲೆ ಮೂಲೆಗೂ ನೀರು ಚಾಚಿಕೊಂಡಿರುವ ಕೆರೆಯ ಅಂಚನ್ನು ಅಳೆಯುವಾಗ ಪ್ರತಿಯೊಂದು ಚಾಚನ್ನೂ ಹಿಡಿದರೆ ಒಂದು ಉತ್ತರ, ಅಡ್ಡಹಾಯ್ದರೆ ಇನ್ನೊಂದು ಉತ್ತರ ಬರುವುದು ಸಹಜ. ಇದನ್ನು ಕೇಳಿ ತಿಳಿಸಬೇಕಾದದ್ದು ಬಾತ್ಮೀದಾರನ ಕೆಲಸ. ಎರಡು ಅಂಕಿಗಳೂ ಇಂದಿಗೂ ಅಲ್ಲಲ್ಲಿ ಓಡಾಡುತ್ತಿದ್ದು, ಒಂದಕ್ಕೊಂದು ಮುಖಾಮುಖಿಯಾಗಿಲ್ಲ.

ವಿಷಾದದ ಸಂಗತಿಯೆಂದರೆ, ಸುಳ್ಳು ಬಿರುದಿನ ಗದ್ದಲದಲ್ಲಿ ಕೆರೆಯ ನಿಜವಾದ ಹಿರಿಮೆಯೇ ಮರೆಯಾಗಿದೆ. ಎರಡು ಗುಡ್ಡಗಳ ನಡುವಣ ಕಣಿವೆಯ ಬಾಯಿಗೆ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ, 950 ಅಡಿ ಉದ್ದದ ಒಂದು ಏರಿಯನ್ನು ಹಾಕಿದ್ದಾರೆ. ಏರಿಯು ಉದ್ದದಲ್ಲಿ ಅಲ್ಪ, ದಪ್ಪದಲ್ಲಿಯೂ ಬಲದಲ್ಲಿಯೂ ಅಸಾಧಾರಣ. ಈ ಚಿಕ್ಕ ಏರಿಯ ಹಿಂದೆ 81,483 ಎಕರೆ, ಎಂದರೆ 127 ಚದರ ಮೈಲಿಗಳ ಮಳೆನೀರು ಬಂದು ನಿಲ್ಲುತ್ತದೆ. ಇಷ್ಟು ಕಡಿಮೆ ಮಣ್ಣುಕಲ್ಲಿನಿಂದ ಇಷ್ಟು ಹೆಚ್ಚು ನೀರನ್ನು ತಡೆಯುವ ಸ್ಥಳವನ್ನು ಗುರುತಿಸಿದ ಆ ಕಣ್ಣು ಯಾರದೋ! ಯಂತ್ರವಿಲ್ಲದ ಕಾಲದಲ್ಲಿ ನೀರಿಳಿಜಾರನ್ನು ಕಾಲಿನಲ್ಲಿ ನಡೆದು ತಿಳಿದವರ ವಿದ್ಯೆಯದು. ಸಿದ್ಧನಾಲೆ ಬಸವನಾಲೆಗಳೆಂಬ ಎರಡು ನಾಲೆಗಳು ಅಚ್ಚುಕಟ್ಟಿಗೆ ನೀರನ್ನು ಕೊಂಡೊಯ್ಯುತ್ತವೆ. ಇದನ್ನು ಕುರಿತು ಒಂದು ಒಳ್ಳೆಯ ಲೇಖನವನ್ನು ಬರೆಯಲು ಏಷ್ಯಾ ಖಂಡದ ಸಹಾಯವೇನೂ ಬೇಕಾಗಿಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇವೆ. ಇದರಲ್ಲಿ ಅಂಕಿಯ ತಪ್ಪಿಗಿಂತಲೂ ಸೂಕ್ಷ್ಮವಾದ ಪಕ್ಷಪಾತವಿದೆ. ಕೆರೆಯ ಹುಟ್ಟಿಗೆ ಜನರಲ್ಲಿರುವ ಕಥೆಗಳು ಒಂದಲ್ಲ. ಸ್ವರ್ಗಾವತಿಯೆಂಬ ಪಟ್ಟಣದ ದೊರೆಯ ಮಗಳು ಶಾಂತವ್ವೆಯು ಪುಣ್ಯಾರ್ಥವಾಗಿ ಕೆರೆಯನ್ನು ಕಟ್ಟಿಸಲು ಹೊರಟಾಗ, ಬೇಕಾದ ನೆಲವು ವೇಶ್ಯೆಯರ ವಶದಲ್ಲಿತ್ತೆಂದೂ, ಅವರು ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಂದೇ ಷರತ್ತಿನ ಮೇಲೆ ನೆಲವನ್ನು ಬಿಟ್ಟುಕೊಟ್ಟರೆಂದೂ ಒಂದು ಕಥೆ. ರಾಜಕುಮಾರಿಯು ಒಬ್ಬ ದೇವಪುರುಷನಲ್ಲಿ ಅನುರಕ್ತಳಾಗಿ, ಪ್ರಾಯಶ್ಚಿತ್ತವೆಂದು ಕೆರೆಯನ್ನು ಕಟ್ಟಿಸಲು, ಅದರಲ್ಲಿ ತನ್ನ ಪಟ್ಟಣವೇ ಮುಳುಗಿದ್ದನ್ನು ಕಂಡು ತಂದೆಯು ಮಗಳನ್ನು ಆ ಮಾತಿನಿಂದ ಶಪಿಸಿದನೆಂದು ಇನ್ನೊಂದು ಕಥೆ. ಎರಡೂ ಐತಿಹ್ಯಗಳು. ಪತ್ರಿಕೆಗಳಾದರೋ ಒಂದನ್ನು ಹಿಡಿದು, ಅದಕ್ಕೆ ಒಂದು ಇಸವಿಯನ್ನೂ ಅಂಟಿಸಿ, ಇತಿಹಾಸವೆಂದು ಅಚ್ಚು ಹಾಕುತ್ತವೆ. ಇಸವಿಯನ್ನು ಕಂಡ ಕೂಡಲೆ ಓದುಗನು ಶಾಸನವೊಂದು ಇರಬೇಕೆಂದು ನಂಬುವುದು ಸ್ವಾಭಾವಿಕ.

ಶಾಂತಿಸಾಗರವೆಂಬ ಹೆಸರು ಇಂದು ವಿಶೇಷವಾಗಿ ಬಳಕೆಯಲ್ಲಿದೆ. ಅದು ಕಿವಿಗೆ ಇಂಪಾಗಿರುವುದೂ ನಿಜ, ಅದಕ್ಕೆ ಶಾಂತವ್ವೆಯ ಹೆಸರಿನ ಆಧಾರವಿರುವುದೂ ನಿಜ. ಸಭ್ಯತೆಗಾಗಿ ಹಳೆಯ ಹೆಸರನ್ನು ಬಿಡಬೇಕೆನ್ನುವವರ ಮನಸ್ಸನ್ನು ನಾವು ಹಳಿಯುವುದಿಲ್ಲ. ಆದರೆ ಮೊದಲನೆಯ ಕಥೆಯನ್ನೇ ಸತ್ಯವೆಂದು ಮುದ್ರಿಸಿ, ಅದೇ ಲೇಖನದ ತಲೆಬರಹದಲ್ಲಿ ಹಳೆಯ ಹೆಸರನ್ನು ಅಳಿಸುವ ಪತ್ರಿಕೆಯು ಏನು ಮಾಡಿದಂತಾಯಿತು? ನೆಲವನ್ನು ಕೊಟ್ಟ ಹೆಂಗಸರು ಕೇಳಿದ್ದು ಹೆಸರೊಂದನ್ನೇ. ನೆಲವನ್ನು ಇಟ್ಟುಕೊಂಡು ಹೆಸರನ್ನು ಹಿಂದಕ್ಕೆ ತೆಗೆದುಕೊಂಡಂತಾಯಿತು. ಕನ್ನಡ ನಾಡಿನ ಹಿಂದಿನವರಿಗೆ ಈ ಸಂಕೋಚವಿರಲಿಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ಗಣಿಕೆ ವಿನಾಪೋಟಿಯು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟದ್ದನ್ನು ಅಲ್ಲಿಯ ಕಂಬದ ಮೇಲೆ ಕೊರೆದು ಇಟ್ಟಿದ್ದಾರೆ. 12ನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ಹೆಸರು ವಚನಕಾರರ ಸಾಲಿನಲ್ಲಿ ಹಾಗೆಯೇ ಉಳಿದು ಬಂದಿದೆ. ಮಂಡ್ಯದ ಸೀಮೆಯಲ್ಲಿಯೂ ಇದೇ ಹೆಸರಿನ ದೊಡ್ಡ ಕೆರೆಯಿರುವುದರಿಂದ, ತಾಲ್ಲೂಕಿನ ಹೆಸರನ್ನು ಬಿಟ್ಟು ಬರೆದ ವರದಿಯು ಯಾವ ಕೆರೆಯದೆಂದು ಓದುಗನು ತಡಕಾಡಬೇಕಾಗುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಚನ್ನಗಿರಿಯು 1997ರ ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆ ತಾಲ್ಲೂಕಿನವರೇ ಆದ ಜೆ. ಹೆಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ದಾವಣಗೆರೆ ಜಿಲ್ಲೆಗೆ ಸೇರಿತು. ಹಳೆಯ ಪುಸ್ತಕವನ್ನು ನೋಡಿ ನಕಲು ಮಾಡುವವರು ಈ ಒಂದು ಸಾಲನ್ನು ನೆನಪಿನಲ್ಲಿಟ್ಟರೆ ಸಾಕು.

ಇನ್ನು ನೀರಿನ ವಿಷಯ. ಸೂಳೆಕೆರೆಯ ನೀರು ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಮಾತ್ರವಲ್ಲದೆ ಚಿತ್ರದುರ್ಗದ ಪಟ್ಟಣಕ್ಕೂ ದಾರಿಯ ಹಲವು ಊರುಗಳಿಗೂ ಕುಡಿಯಲು ಹೋಗುತ್ತದೆ. ಕೆರೆಯಲ್ಲಿ ಇಷ್ಟು ಅಡಿ ನೀರಿದೆ, ಒಂದಡಿ ಏರಿತು, ಒಂದಡಿ ಇಳಿಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಕೆರೆಯು ತುಂಬಿದ ಮಟ್ಟದಲ್ಲಿರುವಾಗ ಒಂದಡಿಯ ಬೆಲೆಯೇನೆಂಬುದನ್ನು ವಾಚಕರು ಗಮನಿಸಬೇಕು. 6,550 ಎಕರೆಯ ಮೇಲೆ ಒಂದಡಿ ನೀರೆಂದರೆ 28.5 ಕೋಟಿ ಘನ ಅಡಿ, ಎಂದರೆ ಕಾಲು ಟಿ.ಎಂ.ಸಿ.ಗೂ ಹೆಚ್ಚು. ಒಂದೂವರೆ ಲಕ್ಷ ಜನರ ಒಂದು ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೆ, ಬಿಸಿಲಿಗೆ ಆರುವುದನ್ನು ಬಿಟ್ಟು, ಅಷ್ಟು ನೀರು ಒಂದು ವರ್ಷವನ್ನು ದಾಟಿ ಇನ್ನೂ ಒಂದು ತಿಂಗಳಿಗೆ ಬರುತ್ತದೆ. ಅಂದಮೇಲೆ ವರದಿಯಲ್ಲಿ ಒಂದಡಿ ಹೆಚ್ಚುಕಡಿಮೆಯಾದರೆ ಒಂದು ಪಟ್ಟಣದ ಒಂದು ವರ್ಷದ ನೀರು ಕಾಗದದ ಮೇಲೆ ಹುಟ್ಟಿತು ಅಥವಾ ಸತ್ತಿತು. ಕೆರೆ ಇಳಿದಂತೆ ನೀರಿನ ಹರವು ಕುಗ್ಗುವುದರಿಂದ ಕೆಳಗಿನ ಒಂದಡಿಯು ಮೇಲಿನ ಒಂದಡಿಗೆ ಸಮನಲ್ಲ. ಅದರ ಮೇಲೆ ಹೂಳು. ಅಳತೆಗಂಬದಲ್ಲಿ ಹಿಂದೆ ಕಂಡ ಅಡಿಯೇ ಇಂದು ಕಂಡರೂ ಹೂಳು ತುಂಬಿದಷ್ಟು ನೀರು ಕಡಿಮೆಯೇ. ಅಡಿಯನ್ನು ಮಾತ್ರ ಬರೆದು, ಅದು ಎಲ್ಲಿಂದ ಎಣಿಸಿದ ಅಡಿ, ತೂಬಿನ ತಳದಿಂದಲೋ ಕೆರೆಯ ತಳದಿಂದಲೋ, ಎಂಬುದನ್ನು ಬಿಟ್ಟ ವರದಿಯನ್ನು ಓದಿ ಬೇಸಿಗೆ ಬೆಳೆಯನ್ನು ಇಡುವ ರೈತನು ಯಾರನ್ನು ನಂಬಿ ಸಾಲ ಮಾಡಿದಂತಾಯಿತು?

ಇಲ್ಲಿ ಒಂದೂ ಸುಳ್ಳನ್ನು ಹೇಳದೆ ಪಕ್ಷಪಾತ ಮಾಡುವ ಒಂದು ಏರ್ಪಾಡನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ಈ ಕಾಲದ ಪತ್ರಿಕೆಗಳು ಜಿಲ್ಲೆಗೊಂದು ಪುಟವನ್ನು ಬೇರೆ ಬೇರೆ ಅಚ್ಚು ಹಾಕುತ್ತವೆ. ದಾವಣಗೆರೆಯ ಪುಟದಲ್ಲಿ ಅಚ್ಚುಕಟ್ಟಿನವರ ಮೊರೆ. ಚಿತ್ರದುರ್ಗದ ಪುಟದಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರ ಮೊರೆ. ಎರಡೂ ಸತ್ಯ. ಆದರೆ ಇವರ ಪುಟವನ್ನು ಅವರು ನೋಡುವುದಿಲ್ಲ, ಅವರ ಪುಟವನ್ನು ಇವರು ನೋಡುವುದಿಲ್ಲ. ಒಂದೇ ಹೆಸರಿನ ಪತ್ರಿಕೆಯು ಒಂದೇ ದಿವಸ ಒಂದೇ ಕೆರೆಯ ಇಬ್ಬರು ಹಕ್ಕುದಾರರಿಗೆ ಪ್ರತ್ಯೇಕವಾಗಿ, ನಿಮ್ಮದೇ ನ್ಯಾಯವೆಂದು ಹೇಳಿದಂತಾಗುತ್ತದೆ. ನ್ಯಾಯಾಧಿಪತಿಯು ಎರಡು ಕೋಣೆಗಳಲ್ಲಿ ವಾದಿಯನ್ನೂ ಪ್ರತಿವಾದಿಯನ್ನೂ ಬೇರೆ ಬೇರೆಯಾಗಿ ಕರೆದು ಇಬ್ಬರಿಗೂ ಗೆದ್ದಿರೆಂದು ಹೇಳಿ ಕಳುಹಿಸಿದರೆ ಹೇಗೋ ಹಾಗೆ.

ಒತ್ತುವರಿಯ ವರದಿಗಳಲ್ಲಿ ಈ ದೋಷಗಳೆಲ್ಲ ಒಂದುಗೂಡಿ ಬರುತ್ತವೆ. ಕೆರೆಯ ನೂರಾರು ಎಕರೆ ಒತ್ತುವರಿಯಾಗಿದೆಯೆಂದು ದಪ್ಪ ಅಕ್ಷರಗಳಲ್ಲಿ ಬರೆಯುತ್ತಾರೆ. ಯಾವ ಗ್ರಾಮದಲ್ಲಿ, ಯಾವ ಸರ್ವೆ ನಂಬರಿನಲ್ಲಿ, ಯಾವ ವರ್ಷದ ಮೋಜಣಿಯ ಪ್ರಕಾರ, ಎಂಬುದು ಬಹುಮಟ್ಟಿಗೆ ಇರುವುದಿಲ್ಲ. 6,550 ಎಕರೆಯೆಂಬುದು ತುಂಬಿದ ಕೆರೆಯ ನೀರಿನ ಹರವೋ, ರೆವಿನ್ಯೂ ದಫ್ತರದಲ್ಲಿ ಕೆರೆಯೆಂದು ಬರೆದ ಭೂಮಿಯೋ ಎಂಬುದನ್ನು ಅದನ್ನು ಮುದ್ರಿಸುವವರು ತಿಳಿಸುವುದಿಲ್ಲ. ಇವೆರಡೂ ಬೇರೆಬೇರೆಯೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಅಸ್ಪಷ್ಟವಾದ ಅಂಕಿಯಿಂದ ಲಾಭವಾಗುವುದು ಒತ್ತಿದವನಿಗೇ. ಎಲ್ಲೆಯೆಲ್ಲಿ ತೋರಿಸಿ ಎಂದು ತಹಶೀಲ್ದಾರರ ಮುಂದೆ ಅವನು ಕೇಳುವ ಪ್ರಶ್ನೆಗೆ ಪತ್ರಿಕೆಯ ಆರ್ಭಟದಲ್ಲಿ ಉತ್ತರವಿರುವುದಿಲ್ಲ. ಚನ್ನಗಿರಿಯು ಅಡಿಕೆಯ ಸೀಮೆ. ಅಡಿಕೆಯ ಗಿಡವು ಫಲಕ್ಕೆ ಬರಲು ಐದಾರು ವರ್ಷ ಹಿಡಿಯುತ್ತದೆ; ಅಷ್ಟರಲ್ಲಿ ಹಕ್ಕಿನ ಮಾತೂ ಮರದ ಜೊತೆಯಲ್ಲಿಯೇ ಬೇರು ಬಿಟ್ಟಿರುತ್ತದೆ. ಮತ್ತೊಂದು ಕಡೆ, ನೀರು ಇಳಿದಾಗ ಅಂಗಳದ ತೇವದಲ್ಲಿ ಒಂದು ಬೆಳೆ ತೆಗೆದುಕೊಂಡು ಬಿಡುವ ಬಡವನೂ ಇದ್ದಾನೆ. ಇಬ್ಬರನ್ನೂ ಒತ್ತುವರಿದಾರರೆಂಬ ಒಂದೇ ಮಾತಿನಲ್ಲಿ ಕಟ್ಟಿ ಬರೆದರೆ, ತೆರವಿನ ದಿವಸ ಮೊದಲು ಹೋಗುವುದು ಯಾರ ಬೆಳೆಯೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಅಂಕಿಯೊಂದರ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ಈ ಸಂಸ್ಥಾನದ ಹಿಂದಿನ ಚರಿತ್ರೆಯೇ ತೋರಿಸಿದೆ. ಮೈಸೂರು ಸರ್ಕಾರವು 1908ರಲ್ಲಿ ವೃತ್ತಪತ್ರಿಕೆಗಳ ರೆಗ್ಯುಲೇಷನ್ನನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಯೇಬಿಟ್ಟರು. 1938ನೆಯ ಇಸವಿ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ, ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 32. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿಯು ವಿಚಾರಣೆ ನಡೆಸಿತು. ಆ ಎರಡು ಅಂಕಿಗಳ ನಡುವಣ 22 ಜನರು ಬದುಕಿದ್ದರೆ ಸರ್ಕಾರಕ್ಕೆ ಒಂದು ಮುಖ, ಸತ್ತಿದ್ದರೆ ಇನ್ನೊಂದು ಮುಖ. ಅಂದಿನ ಬಾತ್ಮೀದಾರನಿಗೆ ಸತ್ಯವನ್ನು ಬರೆಯಲು ಲೈಸೆನ್ಸು ಹೋಗುವ ಭಯವಿತ್ತು. ಸೂಳೆಕೆರೆಯ ಏರಿಯ ಮೇಲೆ ನಿಂತು ಅಳತೆಗಂಬವನ್ನು ಓದಿಕೊಂಡು ಬರಲು ಇಂದಿನವನಿಗೆ ಯಾವ ಸರ್ಕಾರದ ಭಯವಿದೆ?

ಭಯವಿಲ್ಲದಿದ್ದರೂ ಅವಸರವಿದೆ, ಮತ್ತು ಜನರ ಕೋಪತಾಪಗಳನ್ನು ಕೆರಳಿಸಿದರೆ ನೋಡುವವರು ಹೆಚ್ಚುತ್ತಾರೆಂಬ ಆಸೆಯಿದೆ. 2016ರ ನವೆಂಬರಿನಲ್ಲಿ ಹೊಸ 2,000 ರೂಪಾಯಿನ ನೋಟು ಬಂದಾಗ ಅದರೊಳಗೆ ಆಕಾಶದಿಂದ ಗುರುತು ಹಿಡಿಯುವ ಯಂತ್ರವಿದೆಯೆಂದು ದೇಶದ ಸುದ್ದಿವಾಹಿನಿಗಳು ಗಂಟೆಗಟ್ಟಲೆ ವರ್ಣಿಸಿದವು. ನೋಟಿನಲ್ಲಿ ಅಂಥ ಯಂತ್ರವೇನೂ ಇರಲಿಲ್ಲ. ಅದು ನಗುವ ವಿಷಯ. ನಗಲಾರದ ವಿಷಯವೂ ಇದೆ. 2020ರ ಏಪ್ರಿಲಿನಲ್ಲಿ ಸಾಂಕ್ರಾಮಿಕದ ದಿವಸಗಳಲ್ಲಿ ದೆಹಲಿಯ ತಬ್ಲೀಘಿ ಸಭೆಯನ್ನು ಕುರಿತು ಪ್ರಸಾರ ಮಾಡಿದ ಕಾರ್ಯಕ್ರಮಗಳಿಗಾಗಿ ಎರಡು ಕನ್ನಡ ಸುದ್ದಿವಾಹಿನಿಗಳಿಗೆ, ವಾಹಿನಿಗಳೇ ಸೇರಿ ಮಾಡಿಕೊಂಡಿರುವ ಪ್ರಮಾಣ ಪ್ರಾಧಿಕಾರವು ದಂಡ ವಿಧಿಸಿತು: ಒಂದಕ್ಕೆ ಒಂದು ಲಕ್ಷ ರೂಪಾಯಿ, ಇನ್ನೊಂದಕ್ಕೆ ಐವತ್ತು ಸಾವಿರ. ಆದರೆ ಆ ತೀರ್ಪು ಬಂದದ್ದು 2021ರ ಜೂನಿನಲ್ಲಿ. ಆ ಹದಿನಾಲ್ಕು ತಿಂಗಳಲ್ಲಿ ನೆರೆಹೊರೆಯವರ ನಡುವೆ ಎದ್ದ ಅಪನಂಬಿಕೆಯು ಯಾವ ದಂಡದ ಹಣದಿಂದ ಇಳಿಯಬೇಕು? ಮುದ್ರಿತ ಪತ್ರಿಕೆಗಳಿಗಾದರೆ ಪ್ರೆಸ್ ಕೌನ್ಸಿಲ್ ಇದೆ. ಅದು ಎಚ್ಚರಿಸಬಲ್ಲುದು, ಖಂಡಿಸಬಲ್ಲುದು, ದಂಡ ಹಾಕಲಾರದು. ಮೊದಲ ಪುಟದಲ್ಲಿ ಆದ ತಪ್ಪಿಗೆ ಒಳಪುಟದ ಮೂಲೆಯಲ್ಲಿ, ಪಂಚಾಂಗದ ಕೆಳಗೆ, ಎರಡು ಸಾಲಿನ ತಿದ್ದುಪಡಿಯನ್ನು ಹಾಕಿ ಕೈತೊಳೆದುಕೊಳ್ಳುವುದು ಇಂದಿಗೂ ರೂಢಿಯಾಗಿದೆ. 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರು ಸೇರಿ, ಡಿ. ವಿ. ಗುಂಡಪ್ಪನವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ, ತಮ್ಮ ವೃತ್ತಿಯನ್ನು ಕುರಿತು ಆಲೋಚಿಸಿದ್ದರು. ಅಂಥ ಸಭೆಗಳು ಈಗಲೂ ನಡೆಯುತ್ತವೆ; ಹಾರಗಳ ಸಂಖ್ಯೆ ಮಾತ್ರ ಹೆಚ್ಚಾಗಿದೆ.

ಹಳ್ಳಿಯ ಬಾತ್ಮೀದಾರನೊಬ್ಬನನ್ನೇ ಇದಕ್ಕೆ ಹೊಣೆ ಮಾಡುವುದು ಅನ್ಯಾಯವಾಗುತ್ತದೆ. ಅವನಿಗೆ ಸಂಬಳವಿಲ್ಲ, ಅಥವಾ ಸಂಬಳವೆನ್ನಲಾಗದಷ್ಟು ಅಲ್ಪ ಗೌರವಧನ. ಜಾಹೀರಾತನ್ನು ತಂದರೆ ಅದರಲ್ಲೊಂದು ಪಾಲು. ಜಾಹೀರಾತನ್ನು ಕೊಡುವವರು ಊರಿನ ದೊಡ್ಡ ತೋಟದವರೂ ಚುನಾವಣೆಗೆ ನಿಲ್ಲುವವರೂ ಆಗಿರುವಲ್ಲಿ, ಅವರ ತೋಟದ ಬೇಲಿಯು ಕೆರೆಯಂಗಳದಲ್ಲಿ ಎಲ್ಲಿದೆಯೆಂದು ಅವನು ಅಳೆದು ಬರೆಯಬೇಕೆಂದು ನಿರೀಕ್ಷಿಸುವುದು ಎಷ್ಟರ ಮಟ್ಟಿಗೆ ನ್ಯಾಯ? ಏಷ್ಯಾ ಖಂಡದ ಕೆರೆಯೆಂದು ಬರೆದರೆ ಯಾರಿಗೂ ಕೋಪ ಬರುವುದಿಲ್ಲ. ಸರ್ವೆ ನಂಬರನ್ನು ಬರೆದರೆ ಬರುತ್ತದೆ. ಮೊದಲನೆಯದು ಅಷ್ಟು ಧಾರಾಳವಾಗಿಯೂ ಎರಡನೆಯದು ಅಷ್ಟು ವಿರಳವಾಗಿಯೂ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣವೆಂದು ನಾವು ತಿಳಿದಿದ್ದೇವೆ.

ಇಲಾಖೆಯವರು ಮಾಡಬೇಕಾದದ್ದು ಅಷ್ಟೇನೂ ದೊಡ್ಡ ಕೆಲಸವಲ್ಲ. ಕೆರೆಯ ಎಲ್ಲೆಯನ್ನು ತೋರಿಸುವ ನಕ್ಷೆಯನ್ನು, ಅಳತೆಯ ವರ್ಷವನ್ನು ನಮೂದಿಸಿ, ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿಯೂ ಕೆರೆಯ ಸುತ್ತಣ ಪಂಚಾಯಿತಿಗಳಲ್ಲಿಯೂ ಜನರು ನೋಡುವಂತೆ ತೂಗುಹಾಕಬಹುದು. ಹೂಳನ್ನು ಲೆಕ್ಕಕ್ಕೆ ಹಿಡಿದು, ಯಾವ ಮಟ್ಟಕ್ಕೆ ಎಷ್ಟು ನೀರೆಂಬ ಪಟ್ಟಿಯನ್ನು ಪ್ರಕಟಿಸಬಹುದು. ಪ್ರತಿ ಸೋಮವಾರ ಅಳತೆಗಂಬದ ಅಂಕಿಯನ್ನೂ ನಾಲೆಗಳಿಗೆ ಬಿಟ್ಟ ನೀರನ್ನೂ ಚಿತ್ರದುರ್ಗಕ್ಕೆ ಎತ್ತಿದ ನೀರನ್ನೂ ಒಂದೇ ಕಾಗದದಲ್ಲಿ ಬರೆದು ಎರಡು ಜಿಲ್ಲೆಯ ಪತ್ರಿಕೆಗಳಿಗೂ ಕಳುಹಿಸಬಹುದು. ಪತ್ರಿಕೆಗಳು ಅದನ್ನು ಎರಡು ಪುಟಗಳಲ್ಲಿಯೂ ಒಂದೇ ರೀತಿಯಲ್ಲಿ ಹಾಕಬೇಕು. ಸ್ಥಳವಿಲ್ಲವೆಂಬ ನೆಪವನ್ನು ನಾವು ಒಪ್ಪುವುದಿಲ್ಲ. ಏಷ್ಯಾ ಖಂಡದಲ್ಲಿಯೇ ಎರಡನೆಯ ಅತಿ ದೊಡ್ಡ ಕೆರೆ ಎಂಬ ಆರು ಮಾತುಗಳನ್ನು ತೆಗೆದರೆ ತಾರೀಖು, ಅಡಿ, ಅಂಗುಲ, ನಾಲೆಗೆ ಬಿಟ್ಟದ್ದು, ಕುಡಿಯಲು ಎತ್ತಿದ್ದು, ಇಷ್ಟೂ ಅಷ್ಟೇ ಜಾಗದಲ್ಲಿ ಹಿಡಿಯುತ್ತವೆ.